ಒಂದೇ ಒಲೆಗೆ ಎರಡು ರಜೆ

ನಮ್ಮ ಎದುರು ಮನೆಯ ಗೌರಮ್ಮ ಆಂಟಿಗೆ ಒಂದು ಪ್ರಶ್ನೆ ಕೊನೆಯವರೆಗೂ ಬಗೆಹರಿಯಲಿಲ್ಲ. ಗೇಟಿನ ಹತ್ತಿರ ನಾನು ಸಿಕ್ಕಾಗಲೆಲ್ಲ ಅದನ್ನೇ ಕೇಳುತ್ತಿದ್ದರು.

“ಅಲ್ಲಾ ಸುಗುಣಾ, ನಿಮ್ಮನೇಲಿ ಅರ್ಧ ಜನ ಶನಿವಾರ ಬಿಳಿ ಬಟ್ಟೆ ಹಾಕ್ಕೊಂಡು ಹೋಗ್ತಾರೆ, ಇನ್ನರ್ಧ ಜನ ಭಾನುವಾರ ಹೋಗ್ತಾರೆ. ಯಾವತ್ತು ಕಣೇ ನಿಮ್ಮ ದೇವರ ವಾರ?”

“ಚಿಕ್ಕಪ್ಪನೋರಿಗೆ ಶನಿವಾರ, ನಮಗೆ ಭಾನುವಾರ ಆಂಟಿ.”

“ನಿಮ್ಮದಿರ್ಲಿ. ದೇವರಿಗೆ ಯಾವತ್ತು ಅಂತ ಕೇಳಿದ್ದು ನಾನು.”

ನಾನು ಗೇಟು ಹಾಕಿಕೊಂಡು ಒಳಗೆ ಓಡುತ್ತಿದ್ದೆ. ಈಗಲಾದರೂ ಉತ್ತರ ಇದೆಯೇ ಎಂದರೆ, ಎದೆ ತಟ್ಟಿಕೊಂಡು ಹೇಳಲಾರೆ. ಆದರೆ ಆ ಪ್ರಶ್ನೆ ಇಟ್ಟುಕೊಂಡೇ ಒಂದು ಮನೆ ಹೇಗೆ ಸಂಸಾರ ಮಾಡಿತು, ಮಾಡುತ್ತ ಮಾಡುತ್ತ ಒಂದು ವಾರ ಹೇಗೆ ಮುರಿದುಬೀಳುವುದರಲ್ಲಿತ್ತು ಎನ್ನುವುದು ಗೊತ್ತು. ಅಷ್ಟನ್ನು ಇಲ್ಲಿ ಬರೆದಿಡುತ್ತೇನೆ.

ಮನೆ ರಾಜಾಜಿನಗರದಲ್ಲಿ, ಕಾರ್ಖಾನೆಗಳು ಶುರುವಾಗುವ ಕಡೆಯ ಒಂದು ಅಡ್ಡರಸ್ತೆಯಲ್ಲಿತ್ತು. ಕೆಂಪು ಗಾರೆಯ ನೆಲ, ಮುಂದೆ ಒಂದು ಸೀಬೆ ಮರ, ಒಳಗೆ ಕಾಲಿಟ್ಟರೆ ಉದ್ದಕ್ಕೂ ಒಂದು ಹಾಲ್. ಹಾಲಿನ ಬಲಕ್ಕೆ ನಮ್ಮ ಎರಡು ಕೋಣೆ, ಎಡಕ್ಕೆ ಚಿಕ್ಕಪ್ಪನ ಎರಡು ಕೋಣೆ, ಹಿಂದೆ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಅದರಾಚೆ ಹಿತ್ತಲಲ್ಲಿ ರುಬ್ಬುವ ಕಲ್ಲು. ತಾತನಿಗೆ ಕೋಣೆ ಇರಲಿಲ್ಲ. ಹಾಲಿನ ಹಿಂದಿನ ಗೋಡೆಗೆ ಅಡ್ಡಲಾಗಿ ಹಾಕಿದ ಮಂಚವೇ ಅವರ ಸಂಸ್ಥಾನ. ಅಲ್ಲಿಂದ ಮುಂಬಾಗಿಲಿಗೆ ಬಂದವರೂ ಕಾಣುತ್ತಿದ್ದರು, ಅಡುಗೆಮನೆಗೆ ಹೊಕ್ಕವರೂ ಕಾಣುತ್ತಿದ್ದರು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಮಂಚದ ಮೇಲ್ಗಡೆ ಅವರ ಫೋಟೋ ಇತ್ತು. ಸಂಜೆ ಏಳಕ್ಕೆ ಹಾಲಿನ ನಡುವೆ ದೊಡ್ಡ ಈಚಲ ಚಾಪೆ ಹಾಸಬೇಕು, ತಾತ, ಅಪ್ಪ, ಅಮ್ಮ, ನಾನು, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ಗ್ರೇಸಿ, ಏಳೂ ಜನ ಪ್ರಾರ್ಥನೆಗೆ ಕೂರಬೇಕು. ಜ್ವರ ಬಂದವರು ಮಾತ್ರ ಮಲಗಿಕೊಂಡು ಕೇಳಬಹುದಿತ್ತು, ಅದೂ ಚಾಪೆಯ ಮೇಲೆಯೇ.

ತಾತ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿದ್ದವರು. ಪಾಳಿ ಶುರುವಾಗಲು, ಊಟಕ್ಕೆ ಬಿಡಲು, ಪಾಳಿ ಮುಗಿಯಲು ಸೈರನ್ ಒತ್ತುತ್ತಿದ್ದವರು ಅವರೇ. ಅರ್ಧ ಬಡಾವಣೆ ಅವರ ಬೆರಳಿನ ತುದಿಯಲ್ಲಿ ಏಳುತ್ತಿತ್ತು, ಉಣ್ಣುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಇನ್ನೊಂದು ಕಥೆಯನ್ನೂ ಹೇಳುತ್ತಿದ್ದರು. ವಯಸ್ಸಿನಲ್ಲಿ ತಾತನಿಗೆ ಭಾನುವಾರದ ಪಾಳಿ ಬಿತ್ತಂತೆ. ಭಾನುವಾರ ಕರ್ತನ ದಿನ, ಬರಲಾರೆ ಎಂದರಂತೆ. ಮೇಲಿನವರು ಕರೆಸಿ ಬೈದರು, ಬಡ್ತಿ ಕೊಡಲಿಲ್ಲ, ಅವರ ಕೈಕೆಳಗೆ ಕಲಿತವರೇ ಅವರ ಮೇಲೆ ಅಧಿಕಾರಿಗಳಾಗಿ ಬಂದರು. ತಾತ ಹೋಗಲಿಲ್ಲ. ಕೊನೆಗೆ ಮೇಲಿನವರೇ ಸೋತು ಭಾನುವಾರ ಬಿಟ್ಟುಕೊಟ್ಟರು. ಅಷ್ಟು ಕೊಟ್ಟು ಪಡೆದ ಭಾನುವಾರವನ್ನು ತಾತ ಪಿಂಗಾಣಿ ಬಟ್ಟಲಿನ ಹಾಗೆ ಹುಷಾರಾಗಿ ಇಟ್ಟುಕೊಂಡಿದ್ದರು. ಆವತ್ತು ಮನೆಯಲ್ಲಿ ಹೊಸ ಅಡುಗೆ ಇಲ್ಲ, ಬಟ್ಟೆ ಒಗೆಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಶನಿವಾರ ಮಾಡಿಟ್ಟಿದ್ದನ್ನು ಬಿಸಿ ಮಾಡಿಕೊಳ್ಳಬಹುದು. ಕಾಫಿಗೆ ಮಾತ್ರ ವಿನಾಯಿತಿ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ತಮ್ಮ ಆಫೀಸಿನ ಒಬ್ಬರ ಜೊತೆ ಚಂದ್ರಾ ಲೇಔಟಿನ ಒಂದು ಮನೆಗೆ ಬೈಬಲ್ಲಿನ ವೇದಪಾಠಕ್ಕೆ ಹೋಗಲು ಶುರುಮಾಡಿದರು. ಆರು ತಿಂಗಳು ಹೋದರು. ಒಂದು ಸಂಜೆ ಪ್ರಾರ್ಥನೆ ಮುಗಿದು ಎಲ್ಲರೂ ಏಳುವಾಗ ಅವರು ಮಾತ್ರ ಕೂತೇ ಇದ್ದರು.

“ಅಪ್ಪ, ಏಳನೇ ದಿನ ಅಂದ್ರೆ ಶನಿವಾರ. ಅದನ್ನ ದೇವರು ಬದಲಾಯಿಸಿಲ್ಲ, ಮನುಷ್ಯರು ಬದಲಾಯಿಸಿದ್ದು. ಇನ್ಮೇಲೆ ನಾವು ಮೂವರು ಶನಿವಾರದ ಸಭೆಗೆ ಹೋಗ್ತೀವಿ.”

“ಕರ್ತ ಎದ್ದು ಬಂದಿದ್ದು ಯಾವತ್ತೋ ಜಯಾ?”

“ಭಾನುವಾರ.”

“ಹಾಗಾದ್ರೆ ಮುಗೀತು.”

“ಮುಗೀಲಿಲ್ಲ ಅಪ್ಪ.”

ಮುಗಿಯಲಿಲ್ಲ, ನಿಜ. ಕರ್ತ ಸತ್ತು ಎದ್ದದ್ದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಅವನ ಹೆಸರಿನಲ್ಲಿ ಯಾವತ್ತು ಕೂರಬೇಕು ಎನ್ನುವುದರಲ್ಲಿ ತಕರಾರು. ಅದಕ್ಕೆ ಇಬ್ಬರೂ ಒಂದೇ ವೇದಪುಸ್ತಕವನ್ನು ತೆಗೆದು ಬೇರೆ ಬೇರೆ ಪುಟ ತೋರಿಸುತ್ತಿದ್ದರು. ಚಿಕ್ಕಪ್ಪ ಮಾಂಸ ಬಿಟ್ಟರು, ಕಾಫಿಯನ್ನೂ ಬಿಟ್ಟರು. ತಾತನಿಗೆ ಶನಿವಾರಕ್ಕಿಂತ ಕಾಫಿಯೇ ಹೆಚ್ಚು ನೋವು ಕೊಟ್ಟಿತೋ ಏನೋ. ಬೆಳಿಗ್ಗೆ ಅಪ್ಪ ಮಕ್ಕಳು ಮೂವರೂ ಮಂಚದ ಸುತ್ತ ಕೂತು ಕಾಫಿ ಕುಡಿಯುವುದು ನಿಂತುಹೋಯಿತು. ಚಿಕ್ಕಪ್ಪ ಬಿಸಿನೀರು ಹಿಡಿದು ಕೂರುತ್ತಿದ್ದರು. ತಾತ ಆ ಲೋಟವನ್ನು ನೋಡಿ ಮುಖ ತಿರುಗಿಸುತ್ತಿದ್ದರು.

ಅಡುಗೆಮನೆ ಮಾತ್ರ ತನ್ನಷ್ಟಕ್ಕೆ ತಾನೇ ಒಂದು ಏರ್ಪಾಡು ಮಾಡಿಕೊಂಡಿತು. ಶನಿವಾರದವರಿಗೆ ಸಬ್ಬತ್, ಎಂದರೆ ವಿಶ್ರಾಂತಿಯ ದಿನ, ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗಿದಾಗ, ಮುಗಿಯುವುದು ಶನಿವಾರ ಮುಳುಗಿದಾಗ. ಅಷ್ಟು ಹೊತ್ತು ಚಿಕ್ಕಮ್ಮ ಒಲೆ ಮುಟ್ಟುತ್ತಿರಲಿಲ್ಲ. ತಮ್ಮ ಮೂವರಿಗೆ ಶುಕ್ರವಾರವೇ ಮಾಡಿಡುತ್ತಿದ್ದರು. ಶನಿವಾರ ಅಮ್ಮ ನಮಗೆ ಆ ದಿನದ್ದೂ ಭಾನುವಾರದ್ದೂ ಮಾಡುತ್ತಿದ್ದಳು. ಭಾನುವಾರ ಚಿಕ್ಕಮ್ಮನಿಗೆ ಮಾಮೂಲಿ ದಿನ. ಹೀಗೆ ನಮ್ಮ ಮನೆಯ ಒಂದೇ ಒಲೆಗೆ ಎರಡು ರಜೆ, ಆದರೆ ಒಲೆ ಒಂದು ದಿನವೂ ಆರಿ ಮಲಗಿದ್ದಿಲ್ಲ.

ನನಗೂ ಗ್ರೇಸಿಗೂ ಇದರಲ್ಲಿ ಒಂದು ಉದ್ಯೋಗ ಸಿಕ್ಕಿತು. ಶುಕ್ರವಾರ ಸಂಜೆ ತಾರಸಿಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ಕೆಳಗೆ ಕೂಗಿ ಹೇಳಬೇಕು, ಚಿಕ್ಕಮ್ಮ ಒಲೆ ಆರಿಸಬೇಕು. ಮುಳುಗುವುದು ಎಂದರೆ ಯಾವಾಗ? ತಳ ಮುಟ್ಟಿದಾಗಲೇ, ನೆತ್ತಿ ಹೋದಾಗಲೇ? ನೀರಿನ ಟ್ಯಾಂಕಿನ ಹಿಂದೆ ಹೋದರೆ ಮುಳುಗಿದ ಹಾಗೆಯೇ, ಅಲ್ಲವೇ? ಗ್ರೇಸಿ ನೆತ್ತಿ ಹೋದ ಮೇಲೆ ಎನ್ನುವವಳು, ನಾನು ತಳ ಮುಟ್ಟಿದರೆ ಸಾಕು ಎನ್ನುವವಳು. ಒಂದು ಸಲ ಚಿಕ್ಕಮ್ಮನ ಪಲ್ಯ ಬೇಯುವ ಮೊದಲೇ ನಾನು ಕೂಗಿಬಿಟ್ಟೆ, ಶನಿವಾರ ಇಡೀ ಅವರು ಅರೆಬೆಂದ ಹುರುಳಿಕಾಯಿ ಅಗಿದರು. ಆಮೇಲೆ ಕೂಗುವ ಅಧಿಕಾರ ಗ್ರೇಸಿಗೆ ಹೋಯಿತು. ನಾನು ಸಹಾಯಕಿ.

ಶನಿವಾರ ಬೆಳಿಗ್ಗೆ ನನಗೆ ಅರ್ಧ ದಿನದ ಶಾಲೆ, ಗ್ರೇಸಿ ಹೋಗುತ್ತಿರಲಿಲ್ಲ. ಆ ಹೊಟ್ಟೆಕಿಚ್ಚಿಗೆ ನಾನೂ ಒಂದು ವಾರ ಚಾಪೆಯ ಮೇಲೆ ಎದ್ದು ನಿಂತು, ನನಗೂ ಶನಿವಾರವೇ ಸರಿ ಅನ್ನಿಸುತ್ತಿದೆ ಎಂದು ಘೋಷಿಸಿದೆ. ಚಿಕ್ಕಪ್ಪ ನಕ್ಕುಬಿಟ್ಟರು.

“ಗಣಿತದ ಟೆಸ್ಟ್ ಯಾವತ್ತು ಮಗಳೇ?”

“ಶನಿವಾರ.”

“ಹಂಗಾದ್ರೆ ಇದು ದೇವರು ಕೊಟ್ಟ ಬುದ್ಧಿಯಲ್ಲ ಬಿಡು.”

ತಾತನೂ ನಕ್ಕರು. ಎರಡು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೊಂದೇ ನೆನಪು.

ಜಗಳ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ, ಮುಂಬಾಗಿಲಿನ ನಕ್ಷತ್ರ ಇನ್ನೂ ತೂಗುತ್ತಿದ್ದಾಗ. ಭಾನುವಾರ ಮಧ್ಯಾಹ್ನ ತಾತ ಮಂಚದ ಮೇಲೆ ಕಣ್ಣುಮುಚ್ಚಿ ಕೂತಿದ್ದರು. ಹಿತ್ತಲಲ್ಲಿ ಚಿಕ್ಕಮ್ಮ ಸೋಮವಾರದ ದೋಸೆಗೆ ರುಬ್ಬಲು ಕೂತರು. ಗಡಗಡ ಸದ್ದು ಗೋಡೆಯಲ್ಲಿ ಹಾದು ಮಂಚದ ಕಾಲಿಗೇ ಬರುತ್ತಿತ್ತು. ಎಷ್ಟೋ ಭಾನುವಾರ ಸಹಿಸಿದ್ದ ತಾತ ಆವತ್ತು ಎದ್ದು ಕೂಗಿದರು.

“ಕರ್ತನ ದಿನ ಈ ಮನೇಲಿ ಈ ಸದ್ದು ಬೇಡ!”

ಚಿಕ್ಕಮ್ಮ ರುಬ್ಬುಗುಂಡಿನಿಂದ ಕೈ ತೆಗೆದರು. ಕೋಣೆಯಿಂದ ಚಿಕ್ಕಪ್ಪ ಬಂದರು.

“ನೆನ್ನೆ ನಮ್ಮ ಸಬ್ಬತ್ ದಿನ ಅತ್ತಿಗೆ ಮೀನು ಹುರಿದರು. ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡಿದ್ವಿ. ನಾವೇನಾದ್ರೂ ಅಂದ್ವಾ ಅಪ್ಪ? ಕಾಫಿಗೆ ಒಲೆ ಹಚ್ಚಬಹುದು, ದೋಸೆಗೆ ರುಬ್ಬಬಾರದಾ?”

ಕಾಫಿಯ ಮಾತು ಬರಬಾರದಿತ್ತು. ಅಮ್ಮ ತನ್ನ ಮೀನಿನ ಮಾತಿಗೆ ಅಳುತ್ತ ಒಳಗೆ ಹೋದಳು. ತಾತ ದನಿ ಏರಿಸದೆ ಹೇಳಿದರು.

“ಒಂದು ಸೂರಿನ ಕೆಳಗೆ ಎರಡು ದಿನ ಆಗಲ್ಲ. ಗೋಡೆ ಎತ್ತಿಸ್ತೀನಿ. ಅಡುಗೆಮನೇನೂ ಎರಡು ಮಾಡ್ಸಿ. ಅವರವರ ದಿನ ಅವರವರ ಮನೇಲಿ.”

ಮರುದಿನವೇ ಗೇಟಿನ ಹತ್ತಿರ ಇಟ್ಟಿಗೆ ಬಂದು ಬಿತ್ತು. ಮೇಸ್ತ್ರಿ ಮುಂದಿನ ಸೋಮವಾರ ಬರುವುದೆಂದಾಯಿತು. ಅದಕ್ಕೂ ಮುಂಚೆ ತಾತ ನೆಲದ ಮೇಲೆ ಗುರುತು ಹಾಕಬೇಕೆಂದರು. ದಾರವನ್ನು ಸುಣ್ಣದಲ್ಲಿ ಅದ್ದಿ, ಮುಂಬಾಗಿಲ ಹತ್ತಿರ ಒಂದು ತುದಿಯನ್ನು ಅಪ್ಪನ ಕೈಗೆ, ಹಿಂದಿನ ಗೋಡೆಯ ಹತ್ತಿರ ಇನ್ನೊಂದು ತುದಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟರು. ಇಬ್ಬರೂ ಬಗ್ಗಿ ಹಿಡಿದುಕೊಂಡರು. ತಾತ ನಡುವೆ ನಿಂತು ದಾರವನ್ನು ಎತ್ತಿ ಬಿಟ್ಟರು. ಕೆಂಪು ನೆಲದ ಮೇಲೆ ಬಿಳಿಯ ಗೆರೆ ಬಿತ್ತು. ನಮ್ಮ ಅಪ್ಪ ಯಾವ ಜಗಳದಲ್ಲೂ ಬಾಯಿ ಬಿಟ್ಟವರಲ್ಲ. ಅವತ್ತು ದಾರ ಕೆಳಗಿಟ್ಟು ತಮ್ಮನ ಮುಖ ನೋಡಿ ಹೊರಗೆ ಹೋದರು, ಊಟದ ಹೊತ್ತಿಗೂ ಬರಲಿಲ್ಲ.

ನನಗೂ ಗ್ರೇಸಿಗೂ ದುಃಖಕ್ಕಿಂತ ಮೊದಲು ಬಂದದ್ದು ಕುತೂಹಲ. ನನ್ನ ಬುದ್ಧಿಯೇ ಅಂಥದ್ದು, ಮುಚ್ಚಿದ ಡಬ್ಬಿಯೆಲ್ಲ ತೆಗೆದು ನೋಡಬೇಕು, ಗೆರೆ ಕಂಡರೆ ಎರಡೂ ಕಡೆ ಏನಿದೆ ಎಂದು ಎಣಿಸಬೇಕು. ನಾವಿಬ್ಬರೂ ಸರ್ವೆ ಮಾಡಿದೆವು. ಹಾಲಿನ ದೀಪ ಅವರ ಕಡೆ, ಅದರ ಸ್ವಿಚ್ ನಮ್ಮ ಕಡೆ. ರೇಡಿಯೋ ನಮ್ಮದು, ಅದರ ಪ್ಲಗ್ ಅವರದು. ಮುಂಬಾಗಿಲಿಗೆ ಎರಡು ಕದ, ತಲೆಗೊಂದು. ಅಜ್ಜಿಯ ಫೋಟೋದ ಹತ್ತಿರ ಬಂದಾಗ ಕಷ್ಟವಾಯಿತು, ಗೆರೆಯನ್ನು ಗೋಡೆಯ ಮೇಲೆ ಏರಿಸಿ ನೋಡಿದರೆ ಅದು ಸರಿಯಾಗಿ ಅಜ್ಜಿಯ ಮೂಗಿಗೆ ಬರುತ್ತಿತ್ತು. ಆಮೇಲೆ ಗ್ರೇಸಿ ಬಗ್ಗಿ ಮಂಚದ ಕೆಳಗೆ ನೋಡಿದಳು. ಗೆರೆ ಅಲ್ಲೂ ಹಾದುಹೋಗಿತ್ತು.

“ತಾತ, ನಿಮ್ಮ ತಲೆ ಅವರ ಮನೇಲಿ, ಕಾಲು ನಮ್ಮನೇಲಿ. ನೀವು ಯಾವ ಮನೆ?” ಎಂದು ನಾನು ಕೇಳಿದೆ.

“ಹೋಗ್ರೇ ಆಚೆ!”

ಆ ವಾರ ಸಂಜೆಯ ಪ್ರಾರ್ಥನೆ ನಿಲ್ಲಲಿಲ್ಲ. ಚಾಪೆಯನ್ನು ಗೆರೆಯ ಮೇಲೆಯೇ ಹಾಸುತ್ತಿದ್ದೆವು. ಏಳು ಜನ ಕೂತು, ಒಬ್ಬರೂ ಒಬ್ಬರ ಮುಖ ನೋಡದೆ ಹಾಡಿ ಏಳುತ್ತಿದ್ದೆವು. ಅಮ್ಮ ಚಿಕ್ಕಮ್ಮ ಮಾತು ಬಿಟ್ಟಿದ್ದರು. ಒಬ್ಬರು ಅಡುಗೆಮನೆಯಲ್ಲಿದ್ದರೆ ಇನ್ನೊಬ್ಬರು ಬರುತ್ತಿರಲಿಲ್ಲ. ಮಲಗುವಾಗ ನನಗೆ ಒಂದೇ ಯೋಚನೆ, ಗೋಡೆ ಬಂದ ಮೇಲೆ ಗ್ರೇಸಿಯ ಹತ್ತಿರ ಹೋಗಬೇಕಾದರೆ ಬೀದಿಗೆ ಇಳಿದು ಬಾಗಿಲು ತಟ್ಟಬೇಕು. ಆಗ ಮಾತ್ರ ಅಳು ಬರುತ್ತಿತ್ತು.

ನಾವು ಪಾಯ ತೆಗೆಯುವ ಮುಂಚೆ ಅಯ್ಯನವರನ್ನು, ಎಂದರೆ ನಮ್ಮ ಸಭೆಯ ಪಾದ್ರಿಗಳನ್ನು, ಕರೆಸಿ ಪ್ರಾರ್ಥನೆ ಮಾಡಿಸುವವರು. ತಾತನ ಪ್ರಕಾರ ಈ ಗೋಡೆಗೂ ಅದು ಆಗಬೇಕಿತ್ತು. ಭಾನುವಾರ ಆರಾಧನೆ ಮುಗಿಸಿ ಅಯ್ಯನವರು ನಮ್ಮಲ್ಲಿಗೆ ಊಟಕ್ಕೆ ಬರುವುದು, ಊಟವಾದ ಮೇಲೆ ಗೋಡೆಗೆ ಪ್ರಾರ್ಥನೆ, ಸೋಮವಾರ ಮೇಸ್ತ್ರಿ. ಏಳೂ ಜನ ಮನೆಯಲ್ಲಿರಬೇಕು ಎಂದು ಅಪ್ಪಣೆಯಾಯಿತು.

ಈಗ ಆ ಶನಿವಾರದ ವಿಷಯ. ಮೀನಿನ ಮಾತು ಅಮ್ಮನ ಎದೆಯಲ್ಲಿ ಚುಚ್ಚಿಕೊಂಡೇ ಇತ್ತು. ಹೇಗೂ ಕೊನೆಯ ಶನಿವಾರ, ಇದೊಂದು ದಿನವಾದರೂ ವಾರಗಿತ್ತಿಯ ಸಬ್ಬತ್ತಿಗೆ ನನ್ನ ಒಗ್ಗರಣೆ ವಾಸನೆ ತಾಕುವುದು ಬೇಡ, ಅಯ್ಯನವರ ಅಡುಗೆಯನ್ನು ಹೊತ್ತು ಮುಳುಗಿದ ಮೇಲೆ ಮಾಡಿದರಾಯಿತು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಬೇಕರಿಯಿಂದ ಬ್ರೆಡ್ ತರಿಸಿ, ಬಾಳೆಹಣ್ಣಿನ ಜೊತೆ ನಮಗೆ ಕೊಟ್ಟಳು. ಎದುರು ಕೋಣೆಯಲ್ಲಿ ಚಿಕ್ಕಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ? ಅವರೂ ಯಾರಿಗೂ ಹೇಳದೆ ಒಂದು ತೀರ್ಮಾನ ಮಾಡಿದರು, ನಾಳೆ ಮಾವನ ದಿನ ನಾನು ಒಲೆಯನ್ನೂ ಹಚ್ಚುವುದಿಲ್ಲ, ಕಲ್ಲಿನ ಹತ್ತಿರವೂ ಹೋಗುವುದಿಲ್ಲ.

ಮರುದಿನ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರವಾಗಿದ್ದರಿಂದ ಶನಿವಾರ ಸಂಜೆ ನಾವು ನಾಲ್ವರೂ ಸಿದ್ಧತೆಯ ಕೂಟಕ್ಕೆಂದು ಚರ್ಚಿಗೆ ಹೋದೆವು. ಅತ್ತ ಸೂರ್ಯ ಮುಳುಗಿದ ಕೂಡಲೇ ಚಿಕ್ಕಮ್ಮ ಅಡುಗೆಮನೆಗೆ ಹೋಗಿ, ಅಕ್ಕ ಬಂದು ಅಯ್ಯನವರ ಊಟಕ್ಕೆ ಮಾಡಲು ಅನುಕೂಲವಾಗಲಿ ಎಂದು, ಶುಕ್ರವಾರವೇ ಬಿಡಿಸಿಟ್ಟಿದ್ದ ಅವರೆಕಾಳನ್ನು ದೊಡ್ಡ ಪಾತ್ರೆಯಲ್ಲಿ ನೆನೆಹಾಕಿ, ಮೇಲೆ ತಟ್ಟೆ ಮುಚ್ಚಿ, ಕಟ್ಟೆಯನ್ನು ಒರೆಸಿಟ್ಟರು. ಆಮೇಲೆ ಮೂವರೂ ವಿಜಯನಗರದ ಅವರ ತವರಿಗೆ ಹೋಗಿ ಅಲ್ಲಿಯೇ ಉಳಿದರು. ಇತ್ತ ಅಮ್ಮ ವಾಪಸ್ಸು ಬಂದು ನೋಡಿದರೆ ದೊಡ್ಡ ಪಾತ್ರೆ, ಮುಚ್ಚಿದ ತಟ್ಟೆ, ಒರೆಸಿದ ಕಟ್ಟೆ. ಓಹೋ, ನಾನು ಅವಳ ದಿನಕ್ಕೆ ಮರ್ಯಾದೆ ಕೊಟ್ಟಿದ್ದಕ್ಕೆ ಅವಳು ನನ್ನ ದಿನದ ಅಡುಗೆ ಮಾಡಿಟ್ಟು ಹೋಗಿದ್ದಾಳೆ ಎಂದುಕೊಂಡಳು. ನಾನು ಮುಚ್ಚಳಕ್ಕೆ ಕೈ ಹಾಕಿದೆ. ಅಮ್ಮ ನನ್ನ ಕೈಗೆ ಒಂದು ಕೊಟ್ಟಳು.

“ಒಬ್ಬರು ಪ್ರೀತಿಯಿಂದ ಮಾಡಿಟ್ಟಿದ್ದನ್ನ ತೆಗೆದು ಪರೀಕ್ಷೆ ಮಾಡ್ಬಾರ್ದು.”

ಸಿದ್ಧತೆಯ ಸಂಜೆ ನಮಗೆ ಹಾಲು ಹಣ್ಣು ಅಷ್ಟೇ. ಬೆಳಿಗ್ಗೆ ಕರ್ತನ ಭೋಜನಕ್ಕೆ ಮುಂಚೆ ದೊಡ್ಡವರು ಬಾಯಿಗೆ ನೀರೂ ಹಾಕುವುದಿಲ್ಲ, ತಾತನ ಕಾಫಿಯೂ ಇಲ್ಲ. ಹಾಗಾಗಿ ಆ ತಟ್ಟೆಯನ್ನು ಯಾರೂ ಎತ್ತಲಿಲ್ಲ. ಜೀವನದಲ್ಲಿ ನಾನು ತೆಗೆದು ನೋಡದೆ ಬಿಟ್ಟ ಪಾತ್ರೆ ಅದೊಂದೇ.

ಭಾನುವಾರ ಮಧ್ಯಾಹ್ನ ಅಯ್ಯನವರು ಬಂದರು. ದಪ್ಪ ಕನ್ನಡಕದ, ಮೆತ್ತಗಿನ ಮನುಷ್ಯ. ಅವರೂ ಉಪವಾಸವಿದ್ದು ಎರಡು ಆರಾಧನೆ ಮುಗಿಸಿ ಬಂದಿದ್ದರು. ಅದೇ ಹೊತ್ತಿಗೆ ವಿಜಯನಗರದವರೂ ಬಂದು ಸೇರಿದರು. ತಾತ ಅಯ್ಯನವರಿಗೆ ಗೆರೆ ತೋರಿಸಿದರು. ಅವರು ಗೆರೆಯ ಉದ್ದಕ್ಕೂ ನಡೆದು ನೋಡಿ ಬಂದರು.

“ಪಾಯಕ್ಕೆ ಎಷ್ಟೋ ಕಡೆ ಪ್ರಾರ್ಥನೆ ಮಾಡಿದೀನಿ ಯಜಮಾನ್ರೇ, ಮನೆ ಏಳಲಿ ಅಂತ. ಇದಕ್ಕೆ ಏನಂತ ಮಾಡ್ಲಿ?”

“ಎಲ್ಲರೂ ಸಮಾಧಾನವಾಗಿರ್ಲಿ ಅಂತ ಮಾಡಿ.”

“ಹೂಂ. ಮೊದಲು ಊಟ ಆಗ್ಲಿ.”

ಚಾಪೆ ಹಾಸಿದೆವು, ಎಲೆ ಹಾಕಿದೆವು. ಅಮ್ಮ ಒಳಗೆ ಹೋದಳು. ತಟ್ಟೆ ಎತ್ತಿದ ಸದ್ದಾಯಿತು. ಆಮೇಲೆ ಅವಳ ದನಿ ಬಂತು. ಒಂದು ವಾರದ ಮೇಲೆ ಮೊದಲ ಸಲ ಚಿಕ್ಕಮ್ಮನ ಹೆಸರು ಅವಳ ಬಾಯಲ್ಲಿ ಬಂದದ್ದು.

“ಶಾಂತಾ! ಬಾರೇ ಇಲ್ಲಿ!”

ಚಿಕ್ಕಮ್ಮ ಓಡಿದರು, ಹಿಂದೆ ನಾನು. ಪಾತ್ರೆಯ ತುಂಬ ತಣ್ಣೀರು, ಅದರಲ್ಲಿ ಊದಿಕೊಂಡ ಹಸಿ ಅವರೆಕಾಳು.

“ಏನೇ ಇದು? ಸಾರೆಲ್ಲಿ? ಅನ್ನ ಎಲ್ಲಿ?”

“ನೀವು ಬಂದು ಮಾಡ್ತೀರ ಅಂತ ನೆನೆಹಾಕಿ ಹೋಗಿದ್ದೆ ಅಕ್ಕ.”

“ನೀನು ಮಾಡಿಟ್ಟು ಹೋಗಿದೀಯ ಅಂತ ನಾನು ತೆಗೆದೂ ನೋಡ್ಲಿಲ್ಲ ಕಣೇ!”

“ನೆನ್ನೆ ಯಾಕೆ ಮಾಡ್ಲಿಲ್ಲ ಅಕ್ಕ ನೀವು?”

“ನಿನ್ನ ದಿನ ಅಲ್ವೇನೇ ಅದು.”

ಚಿಕ್ಕಮ್ಮ ಅಮ್ಮನ ತೋಳು ಹಿಡಿದುಕೊಂಡರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು, ಕಟ್ಟೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಸ್ವಲ್ಪ ಹೊತ್ತಿಗೆ ಅದು ನಗುವೋ ಅಳುವೋ ನನಗೆ ಹೇಳಲು ಬರಲಿಲ್ಲ.

ಹಾಲಿಗೆ ಬಂದು ಚಿಕ್ಕಮ್ಮನೇ ನಡೆದದ್ದನ್ನು ಹೇಳಿದರು. ಆಮೇಲೆ ತಾತನ ಎದುರು ಕೈಕಟ್ಟಿ ನಿಂತರು.

“ಮಾವ, ನನಗೆ ಇವತ್ತು ಕೆಲಸದ ದಿನ. ನೀವು ಹೂಂ ಅಂದ್ರೆ ಒಲೆ ಹಚ್ತೀನಿ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂದ್ರೆ ಹಚ್ಚಲ್ಲ. ಎಲ್ಲರೂ ಅವಲಕ್ಕಿ ಮೊಸರು ತಿನ್ನೋಣ.”

ಎಲ್ಲರೂ ತಾತನನ್ನು ನೋಡಿದೆವು. ಅಷ್ಟು ವರ್ಷ ಯಾರ ಮಾತಿಗೂ ಬಿಟ್ಟುಕೊಡದ ಭಾನುವಾರವನ್ನು ಅವರು ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಅಯ್ಯನವರನ್ನು ನೋಡಿದರು, ಅಯ್ಯನವರು ಖಾಲಿ ಎಲೆಯನ್ನು ನೋಡುತ್ತಿದ್ದರು.

“ಪಾತ್ರೆ ಇಲ್ಲಿಗೆ ತಗೊಂಬಾಮ್ಮ,” ಎಂದರು ತಾತ. “ಹಿತುಕದೇ ಹೇಗೆ ಮಾಡ್ತೀಯ? ಒಬ್ಬಳೇ ಕೂತರೆ ಸಂಜೆ ಆಗುತ್ತೆ.”

ಹಿತುಕಿದ ಬೇಳೆ ಮಾಡಿದವರಿಗೆ ಗೊತ್ತು. ನೆನೆದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆಯನ್ನು ಹಾರಿಸಬೇಕು. ಮನೆಮಂದಿಯೆಲ್ಲ ಕೂರಬೇಕಾದ ಕೆಲಸ. ಎಲೆಗಳನ್ನು ಪಕ್ಕಕ್ಕಿಟ್ಟು, ಪಾತ್ರೆಯನ್ನು ಚಾಪೆಯ ನಡುವೆ ಇಟ್ಟುಕೊಂಡು, ಅಯ್ಯನವರೂ ಸೇರಿ ಎಂಟು ಜನ ಸುತ್ತ ಕೂತೆವು. ಅಮ್ಮ ಎದ್ದು ಅಕ್ಕಿ ತೊಳೆಯಲು ಹೋದಳು, ಚಿಕ್ಕಮ್ಮ ಒಲೆ ಹಚ್ಚಿದರು. ಅಯ್ಯನವರಿಗೆ ಹಿತುಕುವುದು ಬರುತ್ತಿರಲಿಲ್ಲ, ಅವರ ಬೇಳೆಯೆಲ್ಲ ಹಾರಿ ಚಿಕ್ಕಪ್ಪನ ತಲೆಯ ಮೇಲೆ ಬೀಳುತ್ತಿತ್ತು. ಕೈಗೆ ಕೆಲಸವಿದ್ದರೆ ಬಾಯಿಗೂ ಸಲೀಸು. ಅಯ್ಯನವರು ಸುಮ್ಮನೆ ಮಾತಿಗೆಂದು ಕೇಳಿದರು.

“ಅಲ್ಲಪ್ಪ ಜಯರಾಜು, ನಿಮ್ಮ ಆಫೀಸಲ್ಲಿ ಶನಿವಾರ ಕೆಲಸ ಇರುತ್ತಲ್ಲ, ಹೇಗೆ ಬಿಡ್ತಾರೆ?”

“ಬಿಡಲ್ಲ ಅಯ್ಯನೋರೇ. ಶನಿವಾರದ ಸಂಬಳ ಹಿಡೀತಾರೆ. ಎರಡು ಸಲ ಪ್ರಮೋಷನ್ ಹೋಯ್ತು. ನನ್ನ ಕೆಳಗೆ ಕೆಲಸ ಕಲಿತವನೇ ಈಗ ನನಗೆ ಸಾಹೇಬ. ಇರ್ಲಿ ಬಿಡಿ.”

ತಾತನ ಬೆರಳು ನಿಂತಿತು. ಅವರು ಮಗನ ಕಡೆ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡು ವರ್ಷ ಬಿಸಿನೀರಿನ ಲೋಟವನ್ನಷ್ಟೇ ನೋಡಿದ್ದವರು ಆವತ್ತು ಮುಖ ನೋಡಿದರು.

“ಯಾಕೋ ನನಗೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಅಪ್ಪ.”

ತಾತ ಪಾತ್ರೆಯ ಕಡೆ ಬಗ್ಗಿದರು. ಒಂದು ಕಾಳು ಹಿತುಕಿದರು, ಇನ್ನೊಂದು ಹಿತುಕಿದರು. ಅಪ್ಪ ಎದ್ದು ಹೋಗಿ ತಮ್ಮನ ಪಕ್ಕದಲ್ಲಿ ಕೂತರು. ಅಡುಗೆಮನೆಯಿಂದ ಕೊಬ್ಬರಿ ಮಸಾಲೆ ಹುರಿಯುವ ವಾಸನೆ ಬಂತು, ಭಾನುವಾರದ ದಿನ ಎಲ್ಲರಿಗೂ ಸೇರಿ ಮೊದಲ ಸಲ. ನನ್ನ ತಲೆಯಲ್ಲಿ ಆ ಹೊತ್ತು ಒಂದೇ ಪ್ರಶ್ನೆ ಓಡುತ್ತಿತ್ತು. ತಾತ ಭಾನುವಾರಕ್ಕೆ ಕೊಟ್ಟಿದ್ದೂ ಚಿಕ್ಕಪ್ಪ ಶನಿವಾರಕ್ಕೆ ಕೊಡುತ್ತಿರುವುದೂ ಒಂದೇ ಆದರೆ, ಇಸಕೊಂಡವನು ಒಬ್ಬನೇ ತಾನೇ? ಕೇಳಬೇಕೆಂದು ಬಾಯಿ ತೆರೆದೆ. ಗ್ರೇಸಿ ನನ್ನ ತೊಡೆ ಚಿವುಟಿದಳು.

ನಾಲ್ಕು ಗಂಟೆಗೆ ಮುದ್ದೆ, ಅನ್ನ, ಹಿತುಕಿದ ಬೇಳೆ ಸಾರು ಎಲೆಗೆ ಬಂತು. ಅಯ್ಯನವರು ಕೈಜೋಡಿಸಿ, ಗೋಡೆಯ ಪ್ರಾರ್ಥನೆಯನ್ನೂ ಈಗಲೇ ಸೇರಿಸಲೇ ಎಂದು ತಾತನನ್ನು ಕೇಳಿದರು.

“ಊಟಕ್ಕೆ ಮಾಡಿ ಸಾಕು,” ಎಂದರು ತಾತ.

ಸೋಮವಾರ ಬಂದ ಮೇಸ್ತ್ರಿಗೆ ತಾತ ಕಾಫಿ ಕೊಡಿಸಿ, ತಾರಸಿಗೆ ಕರೆದುಕೊಂಡು ಹೋಗಿ, ಅರ್ಧ ಇಟ್ಟಿಗೆಯಲ್ಲಿ ಪಶ್ಚಿಮದ ಕಡೆಯ ಕೈಪಿಡಿ ಗೋಡೆಗೆ ಒಂದು ಕೂರುವ ಕಟ್ಟೆ ಕಟ್ಟಿಸಿದರು. ಮಕ್ಕಳು ಎಕ್ಕರಿಸಿ ನೋಡಿ ಬೀಳುತ್ತವೆ ಎಂದು ಕಾರಣ ಕೊಟ್ಟರು. ಉಳಿದ ಇಟ್ಟಿಗೆ ಸೀಬೆ ಮರದ ಪಾತಿಗೆ ಹೋಯಿತು. ಸುಣ್ಣದ ಗೆರೆಯನ್ನು ಯಾರೂ ಅಳಿಸಲಿಲ್ಲ, ದಿನಾ ನೆಲ ಸಾರಿಸಿ ಸಾರಿಸಿ ತಾನಾಗಿಯೇ ಹೋಯಿತು. ಅಡುಗೆಮನೆಯ ಹಳೆಯ ಏರ್ಪಾಡು ಹೊಸದಾಯಿತು, ಶನಿವಾರ ಅಮ್ಮ ಏಳು ಜನಕ್ಕೆ ವಾಸನೆ ಬಾರದ ಅಡುಗೆ ಮಾಡುವುದು, ಭಾನುವಾರ ಚಿಕ್ಕಮ್ಮ ಏಳು ಜನಕ್ಕೆ ಸದ್ದಿಲ್ಲದ ಅಡುಗೆ ಮಾಡುವುದು. ಪಾತ್ರೆಯ ಮುಚ್ಚಳ ತೆಗೆದು ನೋಡುವ ಹಕ್ಕು ನನಗೆ ಅಧಿಕೃತವಾಗಿ ಸಿಕ್ಕಿತು.

ತಾತ ಶನಿವಾರವನ್ನು ಒಪ್ಪಿಕೊಂಡರು ಎಂದು ಯಾರೂ ತಿಳಿಯಬಾರದು. ಸಾಯುವವರೆಗೂ ಜಯ ತಪ್ಪು ಓದುತ್ತಿದ್ದಾನೆ ಎಂದೇ ವಾದಿಸಿದರು. ಚಿಕ್ಕಪ್ಪನೂ ಒಂದು ಅಂಗುಲ ಕದಲಲಿಲ್ಲ. ವಾದ ಮಾತ್ರ ಮಂಚದ ಮೇಲೆ ಅಕ್ಕಪಕ್ಕ ಕೂತು ನಡೆಯುತ್ತಿತ್ತು, ಒಬ್ಬರ ಕೈಯಲ್ಲಿ ಕಾಫಿ, ಇನ್ನೊಬ್ಬರ ಕೈಯಲ್ಲಿ ಬಿಸಿನೀರು. ನಾವು ಹುಡುಗಿಯರು ಹೈಸ್ಕೂಲಿಗೆ ಹೋಗಿ, ಟ್ಯೂಷನ್ನು ಅದು ಇದು ಎಂದು ಶುಕ್ರವಾರ ಸಂಜೆ ಮನೆಗೆ ತಡವಾಗಿ ಬರತೊಡಗಿದಾಗ, ಸೂರ್ಯನನ್ನು ನೋಡುವ ಕೆಲಸಕ್ಕೆ ಜನವಿಲ್ಲದಂತಾಯಿತು. ಒಂದು ಶುಕ್ರವಾರ ಬಂದು ನೋಡಿದರೆ ತಾತ ತಾರಸಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಮೊಣಕಾಲು ನೋವಿನಲ್ಲಿ ಹೇಗೆ ಮೆಟ್ಟಿಲು ಹತ್ತಿದರೋ. ಹಣೆಗೆ ಕೈ ಅಡ್ಡ ಹಿಡಿದು ಪಶ್ಚಿಮಕ್ಕೆ ನೋಡುತ್ತಿದ್ದಾರೆ. ನೆತ್ತಿ ಪೂರ್ತಿ ಹೋಗುವವರೆಗೆ ಕಾದರು, ಆಮೇಲೆ ಬಗ್ಗಿ ಕೆಳಗೆ ಕೂಗಿದರು.

“ಶಾಂತಾ, ಹೊತ್ತಾಯ್ತಮ್ಮ! ಒಲೆ ಆರಿಸು!”

ಅಲ್ಲಿಂದ ಮುಂದೆ ಕಾಲು ನಡೆಸುವವರೆಗೂ ಪ್ರತಿ ಶುಕ್ರವಾರ ತಾತನೇ ಹತ್ತಿದರು. ತಾವು ನಂಬದ ದಿನಕ್ಕೆ ಸೈರನ್ ಒತ್ತಿದರು. ಒಂದು ಸಲವೂ ನಿಮಿಷ ಹೆಚ್ಚು ಕಡಿಮೆ ಮಾಡಲಿಲ್ಲ.

ಆ ಮನೆ ಈಗಿಲ್ಲ. ನಾನು ಕೆಂಗೇರಿಯಲ್ಲಿ ಮೂರನೇ ಮಹಡಿಯಲ್ಲಿದ್ದೇನೆ, ಇನ್ನೂ ಭಾನುವಾರದವಳು. ಗ್ರೇಸಿ ಬ್ಯಾಡರಹಳ್ಳಿಯಲ್ಲಿದ್ದಾಳೆ, ಇನ್ನೂ ಶನಿವಾರದವಳು. ಅವಳ ಮನೆಯ ಪಶ್ಚಿಮಕ್ಕೆ ದೊಡ್ಡ ಅಪಾರ್ಟ್‌ಮೆಂಟ್ ಎದ್ದು, ಐದು ಗಂಟೆಗೇ ಸೂರ್ಯ ಕಾಣೆಯಾಗುತ್ತಾನೆ. ನನ್ನ ಬಾಲ್ಕನಿಯಿಂದ ಪೂರ್ತಿ ಕಾಣುತ್ತದೆ. ಮುಳುಗುವ ಹೊತ್ತು ಮೊಬೈಲಿನಲ್ಲೇ ಬರುತ್ತದೆ ಎಂದು ಅವಳ ಮೊಮ್ಮಗಳು ನನಗೆ ಎಷ್ಟೋ ಸಲ ತೋರಿಸಿದ್ದಾಳೆ. ಆದರೂ ಶುಕ್ರವಾರ ಸಂಜೆ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ. ತಳ ಮುಟ್ಟಿದಾಗ ಫೋನು ಕೈಗೆ ತೆಗೆದುಕೊಳ್ಳುತ್ತೇನೆ, ನೆತ್ತಿ ಹೋಗುವವರೆಗೆ ಕಾಯುತ್ತೇನೆ, ಆಮೇಲೆ ಒತ್ತುತ್ತೇನೆ.

“ಗ್ರೇಸಿ, ಹೊತ್ತಾಯ್ತು ಕಣೇ. ಒಲೆ ಆರಿಸು.”

“ಆರಿಸ್ದೆ,” ಎನ್ನುತ್ತಾಳೆ ಅವಳು. “ಭಾನುವಾರಕ್ಕೆ ನಿನಗೇನು ಮಾಡಿ ತರ್ಲಿ?”